ಅಕ್ಷರಕ್ಕೆ ಒಡೆಯರುಂಟೆ?

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ, ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಲೋ ಬೇಡವೋ ಎಂಬ ಸಂಕಟದಲ್ಲಿ ನಾನಿದ್ದಾಗ, ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಹನ್ನೆರಡು ವರ್ಷದ ಹಿಂದೆ ನಮ್ಮ ಕಾಲೇಜಿನಲ್ಲಿ ಐಚ್ಛಿಕ ಕನ್ನಡ ಓದಿದವನು. ಈಗ ಬೆಂಗಳೂರಿನ ಒಂದು ಜಾಹೀರಾತು ಕಂಪನಿಯಲ್ಲಿದ್ದಾನೆ. ಕನ್ನಡ ಓದಿದರೆ ಅನ್ನ ಹುಟ್ಟದೆಂದು ಕೊರಗುವ ತಂದೆತಾಯಿಗಳಿಗೆ ನಾನು ತೋರಿಸುವ ಒಂದೆರಡು ಉದಾಹರಣೆಗಳಲ್ಲಿ ಅವನೂ ಒಬ್ಬ. ಕಾಫಿ ಮುಗಿಯುವವರೆಗೆ ಊರಿನ ಸುದ್ದಿ ಆಡಿ, ಲೋಟ ಕೆಳಗಿಟ್ಟ ಮೇಲೆ ಬಂದ ಕೆಲಸ ಹೇಳಿದ.

ಅವನ ಕಂಪನಿಗೆ ಇಬ್ಬರು ಗಿರಾಕಿಗಳು. ಒಬ್ಬರು ಚಕ್ಕುಲಿ ಕೋಡುಬಳೆ ಮೊದಲಾದ ಕುರುಕಲು ತಿಂಡಿಗಳನ್ನು ಪೊಟ್ಟಣ ಕಟ್ಟಿ ಮಾರುವವರು. ಇನ್ನೊಬ್ಬರು ಡಿಜಿಟಲ್ ನಾಣ್ಯಗಳ ವ್ಯಾಪಾರಸ್ಥರು. ಇಬ್ಬರಿಗೂ ಒಂದೇ ಆಸೆ ಹುಟ್ಟಿದೆ. ಜನ ಮೊಬೈಲಿನಲ್ಲಿ ಬರೆಯುವಾಗ ಮಾತಿನ ನಡುನಡುವೆ ಒತ್ತುವ ಚಿಕ್ಕ ಚಿತ್ರಗಳಿವೆಯಲ್ಲ, ಎಮೋಜಿಗಳು — ನಗುವ ಮುಖ, ಗುಲಾಬಿ, ಕಾಫಿ ಬಟ್ಟಲು — ಆ ಸಾಲಿನಲ್ಲಿ ತಮ್ಮ ಮಾರ್ಕೂ ಇರಬೇಕು. ಅದಕ್ಕಾಗಿ ಮನವಿ ಸಿದ್ಧವಾಗಿದೆ, ಸಹಿ ಕೂಡಿಸುತ್ತಿದ್ದಾರೆ.

“ನಿಮ್ಮದೂ ಒಂದು ಸಹಿ ಬೇಕು ಸಾರ್. ಲಿಪಿ ವಿಚಾರ ತಿಳಿದ ಕನ್ನಡ ಮೇಷ್ಟ್ರ ಹೆಸರಿದ್ದರೆ ಅದಕ್ಕೊಂದು ತೂಕ” ಎಂದ.

“ನನಗೂ ಚಕ್ಕುಲಿಗೂ ಇರುವ ನಂಟು ಬೇರೆ ಕಣಪ್ಪ” ಎಂದು ನಕ್ಕು ಹಾರಿಸಲು ನೋಡಿದೆ. ಅವನು ಬಿಡಲಿಲ್ಲ. “ಸಾರ್, ಜನ ಆಡಿದ್ದೇ ಭಾಷೆ, ವ್ಯಾಕರಣ ಹಿಂದಿನಿಂದ ಬರೋದು ಅಂತ ತರಗತಿಯಲ್ಲಿ ಹೇಳ್ತಿದ್ದವರು ನೀವೇ. ಜೆರಾಕ್ಸ್ ಅನ್ನೋದನ್ನ ಕನ್ನಡದ ಪದ ಅಂತ ಒಪ್ಪಿಕೊಳ್ಳಬೇಕು ಅಂತ ನಮ್ಮ ಜೊತೆ ವಾದ ಮಾಡಿದವರೂ ನೀವೇ. ಈಗ ಜನದ ಬಾಯಲ್ಲಿರೋದು ಕಂಪನಿಗಳ ಹೆಸರೇ. ಅದಕ್ಕೊಂದು ಗುರುತು ಕೊಟ್ಟರೆ ತಪ್ಪೇನು? ಡಾಲರ್ ನೋಟಿಗೆ ಎಮೋಜಿ ಇದೆ, ಬಿಟ್‌ಕಾಯಿನ್ನಿಗೆ ಯಾಕಿರಬಾರದು?”

ತನ್ನ ಪಾಠವೇ ಶಿಷ್ಯನ ಬಾಯಿಂದ ತಿರುಗಿ ಬಂದಾಗ ಮೇಷ್ಟರಾದವನಿಗೆ ಸಂತೋಷವೂ ಆಗುತ್ತದೆ, ಇಕ್ಕಟ್ಟೂ ಆಗುತ್ತದೆ. ಯೋಚಿಸಿ ಹೇಳುತ್ತೇನೆಂದು ಕಳಿಸಿದೆ. ಯೋಚಿಸಿದ್ದನ್ನು ಈಗ ವಾಚಕರ ಮುಂದೆ ಇಡುತ್ತಿದ್ದೇನೆ. ಸಾಹಿತ್ಯದ ಪುಟದಲ್ಲಿ ಇದಕ್ಕೇನು ಕೆಲಸವೆಂದು ಕೆಲವರು ಕೇಳಬಹುದು. ಬರೆಯುವ ಗುರುತುಗಳಲ್ಲಿ ಯಾವುದು ಎಲ್ಲರದು, ಯಾವುದು ಒಬ್ಬನದು ಎಂಬ ಪ್ರಶ್ನೆ ಸಾಹಿತ್ಯದ ಪ್ರಶ್ನೆಯಲ್ಲದಿದ್ದರೆ ಇನ್ನಾವುದೆಂದು ನನಗೆ ತಿಳಿಯದು.

ಮೊದಲು ಎಮೋಜಿಯ ಹುಟ್ಟನ್ನು ಸ್ವಲ್ಪ ನೋಡಬೇಕು. ‘ಇಮೋಷನ್’ ಎಂಬ ಇಂಗ್ಲಿಷ್ ಮಾತಿಗೂ ಇದಕ್ಕೂ ನಂಟುಂಟೆಂದು ಅನೇಕರು ತಿಳಿದಿದ್ದಾರೆ, ಹಾಗೇನೂ ಇಲ್ಲ. ಇದು ಜಪಾನೀ ಶಬ್ದ. ‘ಎ’ ಎಂದರೆ ಚಿತ್ರ, ‘ಮೋಜಿ’ ಎಂದರೆ ಅಕ್ಷರ. ಚಿತ್ರಾಕ್ಷರ ಎಂದು ನಾವು ಹೇಳಬಹುದು. ೧೯೯೯ರಲ್ಲಿ ಅಲ್ಲಿನ ಎನ್‌ಟಿಟಿ ಡೊಕೊಮೊ ಎಂಬ ಟೆಲಿಫೋನ್ ಕಂಪನಿಗಾಗಿ ಶಿಗೆಟಾಕಾ ಕುರಿಟಾ ಎಂಬುವರು ೧೭೬ ಚಿತ್ರಾಕ್ಷರಗಳನ್ನು ರಚಿಸಿದರು. ಒಂದೊಂದಕ್ಕೂ ಇದ್ದ ಜಾಗ ಅಡ್ಡಕ್ಕೆ ಹನ್ನೆರಡು ಚುಕ್ಕಿ, ಉದ್ದಕ್ಕೆ ಹನ್ನೆರಡು ಚುಕ್ಕಿ. ನಮ್ಮ ಹೆಣ್ಣುಮಕ್ಕಳು ಹಬ್ಬದ ದಿನ ಅಂಗಳದಲ್ಲಿ ಇಡುವ ರಂಗೋಲಿಗೆ ಇದಕ್ಕಿಂತ ಹೆಚ್ಚು ಚುಕ್ಕಿಗಳಿರುವುದುಂಟು. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ೨೦೧೬ರಲ್ಲಿ ಅವನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಒಂದು ಕಂಪನಿಯ ಫೋನಿನಿಂದ ಹೊರಟ ಚಿತ್ರ ಇನ್ನೊಂದು ಕಂಪನಿಯ ಫೋನಿಗೆ ಸರಿಯಾಗಿ ತಲಪದೆ ಕೆಲವು ಕಾಲ ಗೊಂದಲವಿತ್ತು. ಅದನ್ನು ಕಳೆದದ್ದು ಯೂನಿಕೋಡ್ ಎಂಬ ವ್ಯವಸ್ಥೆ. ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿಯನ್ನು ಗೊತ್ತುಮಾಡಿರುವ ದೊಡ್ಡ ಪಟ್ಟಿ ಅದು. ೧೯೯೧ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ನಮ್ಮ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತಿತ್ತು. ೨೦೧೦ರ ಅಕ್ಟೋಬರಿನಲ್ಲಿ ಹೊರಬಂದ ಆರನೆಯ ಆವೃತ್ತಿಯಲ್ಲಿ ನೂರಾರು ಎಮೋಜಿಗಳು ಒಟ್ಟಿಗೆ ಸೇರಿದುವು. ಅದೇ ವರ್ಷ ಜುಲೈಯಲ್ಲಿ ಭಾರತ ಸರ್ಕಾರ ಒಪ್ಪಿದ ರೂಪಾಯಿಯ ಗುರುತೂ ಸೇರಿದ್ದು ಅದೇ ಆವೃತ್ತಿಯಲ್ಲಿ. ಬದನೆಕಾಯಿಯೂ ರೂಪಾಯಿಯೂ ಒಂದೇ ದಿನ ಅಕ್ಷರಪದವಿಯನ್ನು ಪಡೆದುವು! ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಯೂನಿಕೋಡ್ ಕೊಡುವುದು ಅಂಕಿ ಮತ್ತು ಹೆಸರು ಮಾತ್ರ. ಚಿತ್ರವನ್ನು ಬರೆಯುವವರು ಆಯಾ ಫೋನಿನವರು. ‘ಕ’ ಎಂಬುದನ್ನು ಒಬ್ಬೊಬ್ಬ ಅಚ್ಚುಮೊಳೆಯವನು ಒಂದೊಂದು ಚೆಲುವಿನಲ್ಲಿ ಎರಕ ಹೊಯ್ದ ಹಾಗೆ.

ಜಪಾನಿನ ಮೂಲಪಟ್ಟಿಗಳಲ್ಲಿ ಆ ಟೆಲಿಫೋನ್ ಕಂಪನಿಗಳ ಸ್ವಂತ ಮಾರ್ಕುಗಳೂ ಇದ್ದುವು. ಯೂನಿಕೋಡಿನವರು ಉಳಿದುವನ್ನು ಆರಿಸಿಕೊಂಡು ಅವನ್ನು ಹೊರಗೆ ಬಿಟ್ಟರು. ಈಗ ಅದು ಬರಹದಲ್ಲಿರುವ ನಿಯಮ: ಕಂಪನಿಯ ಲಾಂಛನಕ್ಕೆ, ವ್ಯಾಪಾರದ ಮಾರ್ಕಿಗೆ, ಇಂಥವನೇ ಎಂಬ ವ್ಯಕ್ತಿಗೆ, ಇಂಥದೇ ಎಂಬ ಕಟ್ಟಡಕ್ಕೆ, ದೇವತೆಗಳಿಗೆ ಈ ಪಟ್ಟಿಯಲ್ಲಿ ಹೊಸದಾಗಿ ಪ್ರವೇಶವಿಲ್ಲ. ಟೋಕಿಯೋದ ಗೋಪುರದಂಥ ಕೆಲವು ಮೊದಲೇ ಒಳಗೆ ಬಂದುಬಿಟ್ಟಿದ್ದುವು. ಅವನ್ನು ಇನ್ನು ಕದಲಿಸುವಂತಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಎಂಜಿನಿಯರುಗಳು ಬರೆದದ್ದಲ್ಲವೆ ಎಂದು ಸ್ವಲ್ಪ ಉದಾಸೀನದಿಂದಲೇ ನಾನು ಈ ನಿಯಮಗಳನ್ನು ಓದಲು ಕುಳಿತೆ. ಒಂದು ಕಡೆ ಬೆರಗಾಗಿ ನಿಂತೆ. ಹೊಸ ಚಿತ್ರಾಕ್ಷರವನ್ನು ಕೇಳುವವರು ಅದಕ್ಕೆ ಏನೇನು ಯೋಗ್ಯತೆ ಇದೆಯೆಂದು ತೋರಿಸಬೇಕಷ್ಟೆ. ಅವುಗಳಲ್ಲಿ ಒಂದು, ಆ ಚಿತ್ರದಿಂದ ನೇರವಾದ ಅರ್ಥವಲ್ಲದೆ ರೂಪಕವಾಗಿ ಬೇರೆ ಅರ್ಥಗಳೂ ಹೊರಡುವಂತಿರಬೇಕು ಎಂಬುದು. ಅಭಿಧೆ, ಲಕ್ಷಣೆ, ವ್ಯಂಜನೆ ಎಂದು ನಾವು ಬಿ.ಎ. ತರಗತಿಯಲ್ಲಿ ವರ್ಷ ವರ್ಷವೂ ಹೇಳುವ, ಹುಡುಗರು ವರ್ಷ ವರ್ಷವೂ ಅದಲುಬದಲು ಮಾಡಿ ಬರೆಯುವ ಪಾಠವನ್ನು ಕ್ಯಾಲಿಫೋರ್ನಿಯದ ಒಂದು ಸಂಸ್ಥೆ ಅರ್ಜಿಯ ಕಲಮಾಗಿ ಇಟ್ಟುಕೊಂಡಿದೆ.

ನಿಯಮ ಇರಲಿ, ಬಳಕೆಯನ್ನೇ ನೋಡಿ. ಜೋಡಿಸಿದ ಎರಡು ಕೈಗಳ ಚಿತ್ರವಿದೆ. ಜಪಾನಿನಲ್ಲಿ ಅದು ಬೇಡಿಕೆ, ಕೃತಜ್ಞತೆ, ಪಶ್ಚಿಮದವರಿಗೆ ಪ್ರಾರ್ಥನೆ, ನಮಗೆ ನಮಸ್ಕಾರ, ಕ್ಷಮೆ, ಕೆಲವು ಸಾರಿ ‘ನಿನ್ನ ಸಹವಾಸ ಸಾಕಪ್ಪ’ ಎಂಬುದೂ. ತಲೆಬುರುಡೆಯ ಚಿತ್ರವನ್ನು ನನ್ನ ಕಾಲದವರು ನೋಡಿದರೆ ವಿದ್ಯುತ್ ಕಂಬದ ಎಚ್ಚರಿಕೆ ಎಂದುಕೊಳ್ಳುತ್ತೇವೆ. ಹುಡುಗರು ಅದನ್ನು ‘ನಕ್ಕು ನಕ್ಕು ಸತ್ತೆ’ ಎಂಬುದಕ್ಕೆ ಹಾಕುತ್ತಾರೆ. ಬದನೆಕಾಯಿಗೆ ಲೋಕದ ಯುವಕರು ಕೊಟ್ಟಿರುವ ಅರ್ಥ ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯತಕ್ಕದ್ದಲ್ಲ. ಯಾರೂ ಅವರಿಗೆ ಅಪ್ಪಣೆ ಕೊಟ್ಟಿರಲಿಲ್ಲ. ಬದನೆಕಾಯಿ ಬೆಳೆಯುವವರು ಮಾನಹಾನಿಯ ಮೊಕದ್ದಮೆ ಹೂಡಲೂ ಇಲ್ಲ.

ಇನ್ನು ವ್ಯಾಪಾರದ ಮಾರ್ಕಿನ ಸ್ವಭಾವವನ್ನು ನೋಡೋಣ. ಅದರ ಒಡೆಯ ಕೋಟಿಗಟ್ಟಲೆ ಹಣ ಸುರಿಯುವುದು ಏತಕ್ಕೆ? ಆ ಗುರುತನ್ನು ಕಂಡೊಡನೆ ನಮ್ಮ ಮನಸ್ಸಿನಲ್ಲಿ ಒಂದೇ ವಸ್ತು ಮೂಡಬೇಕು, ಅದೂ ಅವನದೇ ಆಗಿರಬೇಕು ಎಂಬುದಕ್ಕೆ. ಅರ್ಥ ಅತ್ತಿತ್ತ ಸರಿದರೆ ಅವನಿಗೆ ನಷ್ಟ. ಕಾನೂನೂ ಹಾಗೆಯೇ ಇದೆ: ಮಾರ್ಕು ಎಲ್ಲರ ಬಾಯಲ್ಲಿ ಸಾಮಾನ್ಯ ನಾಮವಾಗಿಬಿಟ್ಟರೆ ಒಡೆಯನಿಗೆ ಅದರ ಮೇಲಿನ ಹಕ್ಕು ತಪ್ಪಬಹುದು. ಅಮೆರಿಕದಲ್ಲಿ ‘ಆಸ್ಪಿರಿನ್’ ೧೯೨೧ರಲ್ಲಿಯೂ ‘ಎಸ್ಕಲೇಟರ್’ ೧೯೫೦ರಲ್ಲಿಯೂ ಹೀಗೆ ಒಡೆಯರ ಕೈಬಿಟ್ಟು ಹೋದುವು. ಜೆರಾಕ್ಸ್ ಕಂಪನಿಯವರು ‘ನಮ್ಮ ಹೆಸರನ್ನು ಕ್ರಿಯಾಪದ ಮಾಡಬೇಡಿ’ ಎಂದು ದುಡ್ಡು ಕೊಟ್ಟು ಜಾಹೀರಾತು ಹಾಕಿಸಿದ್ದುಂಟು. ನಮ್ಮ ಓಣಿಯ ಅಂಗಡಿಯವನು ಅದನ್ನು ಓದಲಿಲ್ಲ. ಯಾವ ಕಂಪನಿಯ ಯಂತ್ರವಾದರೂ ಸರಿ, ಅವನ ಬೋರ್ಡಿನ ಮೇಲೆ ಇರುವುದು ‘ಇಲ್ಲಿ ಜೆರಾಕ್ಸ್ ಮಾಡಿಕೊಡಲಾಗುವುದು’.

ಶಿಷ್ಯನ ವಾದದಲ್ಲಿ ಎಡವಟ್ಟಾಗಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಜೆರಾಕ್ಸ್ ಕನ್ನಡ ಶಬ್ದವಾದದ್ದು ನಿಜ. ಆದರೆ ಆ ಕಂಪನಿ ಅರ್ಜಿ ಹಾಕಿಕೊಂಡದ್ದರಿಂದ ಆಗಲಿಲ್ಲ, ಅದು ಬೇಡವೆಂದರೂ ನಾವು ಕಿತ್ತುಕೊಂಡದ್ದರಿಂದ ಆಯಿತು. ಡಬ್ಬಿಯಲ್ಲಿ ಬರುವ ವನಸ್ಪತಿಯೆಲ್ಲ ನಮ್ಮ ಅಜ್ಜಿಯರ ಬಾಯಲ್ಲಿ ಡಾಲ್ಡಾ ಆದದ್ದೂ ಹಾಗೆಯೇ. ಶಬ್ದ ನಮ್ಮ ಮನೆಗೆ ಬಂದದ್ದು ಒಡೆಯನನ್ನು ಬಾಗಿಲಲ್ಲಿ ಬಿಟ್ಟು. ಎಮೋಜಿಯಾಗಿ ಬರಬೇಕೆನ್ನುವ ಮಾರ್ಕು ಒಡೆಯನ ಕೈಹಿಡಿದುಕೊಂಡೇ ಒಳಗೆ ಬರುತ್ತೇನೆ ಎನ್ನುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ.

ನಾಣ್ಯಗಳ ವಿಚಾರದಲ್ಲಿ ಕನ್ನಡಕ್ಕೆ ಇನ್ನೂ ಹಳೆಯ ಅನುಭವವಿದೆ. ಈಗ ನಾವು ಸಂಪತ್ತಿಗೆಲ್ಲ ಸಾಮಾನ್ಯವಾಗಿ ಬಳಸುವ ಮಾತು ‘ಹಣ’. ಸಂಸ್ಕೃತದ ‘ಪಣ’ದಿಂದ ಬಂದ ಈ ಶಬ್ದ ಒಂದು ಕಾಲಕ್ಕೆ ಒಂದು ಚಿಕ್ಕ ಚಿನ್ನದ ನಾಣ್ಯದ ಹೆಸರು. ‘ದುಡ್ಡು’ ತಾಮ್ರದ ನಾಣ್ಯ. ‘ಕಾಸು’ ಅದಕ್ಕಿಂತ ಕಿರಿದು. ಅವನ್ನು ಅಚ್ಚುಹಾಕಿಸಿದ ಟಂಕಸಾಲೆಗಳಿಲ್ಲ, ಹಾಕಿಸಿದ ಅರಸರಿಲ್ಲ, ಆ ಲೋಹದ ಬಿಲ್ಲೆಗಳೂ ಮ್ಯೂಸಿಯಮ್ಮಿನ ಗಾಜಿನೊಳಗೆ ಮಲಗಿವೆ. ‘ದುಡ್ಡು ಕೊಡು’ ಎಂಬ ಮಾತು ಮಾತ್ರ ಇಂದು ಬೆಳಗ್ಗೆಯೂ ನನ್ನ ಮಗಳ ಬಾಯಲ್ಲಿ ಹೊಚ್ಚಹೊಸದಾಗಿತ್ತು. ವರಾಹವೆಂಬ ಹೊನ್ನಿಗೆ ಆ ಹೆಸರು ಬಂದದ್ದು ಅದರ ಮೇಲಿನ ಹಂದಿಯ ಮುದ್ರೆಯಿಂದ. ವಿಜಯನಗರದ ಕಾಲಕ್ಕೆ ಹಂದಿ ಹೋಗಿ ಅದರ ಮೇಲೆ ಉಮಾಮಹೇಶ್ವರರೋ ಲಕ್ಷ್ಮೀನರಸಿಂಹನೋ ಬಂದು ಕುಳಿತರು; ಜನ ವರಾಹವೆನ್ನುವುದನ್ನು ಬಿಡಲಿಲ್ಲ. ನಾಣ್ಯದ ಹೆಸರು ಬಾಳಿದ್ದು ಅಚ್ಚುಹಾಕಿಸಿದವನ ಬಲದಿಂದಲ್ಲ.

ಬಿಟ್‌ಕಾಯಿನ್ನಿಗೂ ಇಂಥ ಬಾಳು ಬರಬಾರದೆಂದು ನಾನು ಹೇಳುತ್ತಿಲ್ಲ. ಈ ವಿಚಾರದಲ್ಲಿ ನನ್ನ ಶಿಷ್ಯ ತಿಳಿಯದೆ ಹೋದ ಸಂಗತಿಯೊಂದಿದೆ. ೨೦೦೯ರ ಜನವರಿಯಿಂದ ನಡೆಯುತ್ತಿರುವ ಈ ನಾಣ್ಯಕ್ಕೆ, ಇಂಗ್ಲಿಷಿನ ‘ಬಿ’ ಅಕ್ಷರದ ಮೇಲೆ ಕೆಳಗೆ ಎರಡೆರಡು ಗೀಟು ಚಾಚಿದಂತಿರುವ ಗುರುತು, ಯೂನಿಕೋಡಿನಲ್ಲಿ ಆಗಲೇ ಇದೆ. ಎಮೋಜಿಗಳ ನಡುವೆಯಲ್ಲ, ರೂಪಾಯಿ, ಪೌಂಡುಗಳು ಇರುವ ನಾಣ್ಯಚಿಹ್ನೆಗಳ ಸಾಲಿನಲ್ಲಿ. ಮೊದಮೊದಲು ಜನ ಥಾಯ್ ದೇಶದ ‘ಬಾತ್’ ನಾಣ್ಯದ ಗುರುತನ್ನು ಎರವಲು ತಂದು ಕಾಲ ತಳ್ಳುತ್ತಿದ್ದರು. ೨೦೧೧ರಲ್ಲಿ ಮಾಡಿದ ಒಂದು ಪ್ರಯತ್ನ ಫಲಿಸಲಿಲ್ಲ. ಆಮೇಲೆ ಕೆನ್ ಶಿರಿಫ್ ಎಂಬ ಅಮೆರಿಕದ ಎಂಜಿನಿಯರು, ಬರಹದ ನಡುವೆ ಅಂಕಿಯ ಪಕ್ಕದಲ್ಲಿ ಜನ ಈ ಗುರುತನ್ನು ನಿಜವಾಗಿ ಬರೆಯುತ್ತಿದ್ದಾರೆಂಬುದಕ್ಕೆ ಉದಾಹರಣೆಗಳನ್ನು ಆಯ್ದು ಮುಂದಿಟ್ಟರು. ೨೦೧೫ರಲ್ಲಿ ಅದು ಒಪ್ಪಿತವಾಯಿತು. ೨೦೧೭ರ ಜೂನಿನ ಹತ್ತ ನೆಯ ಆವೃತ್ತಿಯಲ್ಲಿ ಸೇರಿತು. ನಿಘಂಟುಕಾರನು ಶಬ್ದಕ್ಕೆ ಪ್ರಯೋಗ ಕೇಳುವುದಿಲ್ಲವೆ, ಹಾಗೆ. ಪ್ರಯೋಗ ಸಿಕ್ಕಿತು, ಸ್ಥಾನ ಸಿಕ್ಕಿತು. ಬಿಟ್‌ಕಾಯಿನ್ನಿಗೆ ಒಡೆಯನಾದ ಕಂಪನಿಯಿಲ್ಲ. ಹುಟ್ಟಿಸಿದವರು ಸಾತೋಶಿ ನಾಕಾಮೋಟೊ ಎಂಬ ಹೆಸರಿಟ್ಟುಕೊಂಡು ಮರೆಯಲ್ಲೇ ಉಳಿದರು. ಆ ಗುರುತನ್ನು ಹೊಗಳುವವನೂ ಬರೆಯಬಹುದು, ಬಯ್ಯುವವನೂ ಬರೆಯಬಹುದು. ಇದು ನ್ಯಾಯವಾದ ಪ್ರವೇಶವೆಂದೇ ನನ್ನ ಮತ.

ಹಾಗಿದ್ದಮೇಲೆ ಎಮೋಜಿಯೂ ಏಕೆ ಬೇಕು? ಆ ನಾಣ್ಯದ ಬಳಗದವರ ಬರಹವನ್ನೇ ನೋಡಿದರೆ ಬೇಡವೆಂದು ಗೊತ್ತಾಗುತ್ತದೆ. ಬೆಲೆ ಏರುತ್ತದೆ ಎನ್ನುವುದಕ್ಕೆ ಅವರು ಹಾಕುವುದು ರಾಕೆಟ್ಟು, ಅದರ ಪಕ್ಕದಲ್ಲಿ ಚಂದ್ರ. ಬೆಲೆ ಬಿದ್ದರೂ ಮಾರುವುದಿಲ್ಲವೆಂಬ ಹಟಕ್ಕೆ ಒಂದು ವಜ್ರ, ಎರಡು ಕೈ: ವಜ್ರದಂಥ ಕೈ, ಬಿಗಿಹಿಡಿತ. ನಮ್ಮ ಅಲಂಕಾರಿಕರು ಇದ್ದಿದ್ದರೆ ಭೇಷ್ ಎನ್ನುತ್ತಿದ್ದರು. ತಮ್ಮದೆಂಬ ಚಿತ್ರ ಇಲ್ಲದಿದ್ದುದರಿಂದಲೇ ಈ ಮಾತುಗಾರಿಕೆ ಹುಟ್ಟಿತು. ಇನ್ನು ಸಾಮಾನ್ಯವಾದ ನಾಣ್ಯದ ಎಮೋಜಿಯೊಂದು ೨೦೨೦ರಲ್ಲಿ ಬಂದಿದೆ. ಅದು ಬಿಟ್‌ಕಾಯಿನ್ನೂ ಹೌದು, ಬೇಕಾದರೆ ವರಾಹವೂ ಹೌದು. ಬೇರೆ ಡಿಜಿಟಲ್ ನಾಣ್ಯಗಳವರಲ್ಲಿ ಕೆಲವರು ಇರುವ ಅಕ್ಷರಗಳಲ್ಲೇ ಸುಧಾರಿಸಿಕೊಂಡಿದ್ದಾರೆ. ಇಥೀರಿಯಂ ಬಳಗ ಗ್ರೀಕರ ‘ಕ್ಸೈ’ ಅಕ್ಷರವನ್ನು ಬರೆಯುತ್ತದೆ. ನಮ್ಮ ರಿಸರ್ವ್ ಬ್ಯಾಂಕು ೨೦೨೨ರ ಡಿಸೆಂಬರಿನಲ್ಲಿ ಜನಸಾಮಾನ್ಯರಿಗಾಗಿ ಡಿಜಿಟಲ್ ರೂಪಾಯಿಯ ಪ್ರಯೋಗವನ್ನು ಮುಂಬಯಿ, ದೆಹಲಿ, ಭುವನೇಶ್ವರಗಳ ಜೊತೆಗೆ ಬೆಂಗಳೂರಿನಲ್ಲಿಯೂ ಆರಂಭಿಸಿತು. ಹೊಸ ಗುರುತಿಗಾಗಿ ಯಾರ ಬಾಗಿಲನ್ನೂ ತಟ್ಟಲಿಲ್ಲ. ರೂಪಾಯಿ ಗುರುತಿನ ಹಿಂದೆ ಇಂಗ್ಲಿಷಿನ ಚಿಕ್ಕ ‘ಇ’ ಒಂದನ್ನು ಅಂಟಿಸಿತು, ಮುಗಿಯಿತು.

ಈಗ ಮೇಲೆ ಮುಂದಕ್ಕೆ ಹಾಕಿದ ಮಾತಿಗೆ ಬರುತ್ತೇನೆ. ಯೂನಿಕೋಡಿಗೆ ಒಂದು ಕಠಿಣವಾದ ವ್ರತವಿದೆ. ಒಮ್ಮೆ ಸೇರಿಸಿದ ಅಕ್ಷರವನ್ನು ತೆಗೆಯುವಂತಿಲ್ಲ. ಕೊಟ್ಟ ಹೆಸರನ್ನು ಬದಲಾಯಿಸುವಂತಿಲ್ಲ. ತೆಗೆದರೆ ಹಿಂದೆ ಬರೆದಿಟ್ಟದ್ದು ಓದಲು ಬಾರದೆ ಹೋಗುತ್ತದೆ. ಈ ವ್ರತದ ಬಿಸಿ ಕನ್ನಡಕ್ಕೇ ತಟ್ಟಿದೆ. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ನಾವು ಕೋಳಿ ಎನ್ನುವುದನ್ನು ‘ಕೋೞಿ’ ಎಂದೂ ಬಾಳು ಎನ್ನುವುದನ್ನು ‘ಬಾೞ್’ ಎಂದೂ ಬರೆಯುತ್ತಿದ್ದರು. ತಮಿಳು ಮಲೆಯಾಳಗಳಲ್ಲಿ ಆ ಧ್ವನಿ ಇನ್ನೂ ಇದೆ. ನಮ್ಮಲ್ಲಿ ನಾಲಗೆಯಿಂದ ಜಾರಿ ಶತಮಾನಗಳಾದುವು. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆಯುವಾಗಲೇ, ಯಾವ ಯಾವ ಶಬ್ದಗಳಲ್ಲಿ ಈ ಅಕ್ಷರ ಬರಬೇಕೆಂದು ಪಟ್ಟಿಯನ್ನೇ ಕೊಡಬೇಕಾಯಿತು. ಯೂನಿಕೋಡಿನವರು ಇದಕ್ಕೆ ಜಾಗವನ್ನೇನೋ ಕೊಟ್ಟರು. ಆದರೆ ಇಂಗ್ಲಿಷಿನಲ್ಲಿ ಅದರ ಹೆಸರನ್ನು ‘ಕನ್ನಡ ಲೆಟರ್ ಫ’ ಎಂದು ಬರೆದುಬಿಟ್ಟರು! ಪಂಪ ರನ್ನರ ಕಾಲದ ಅಕ್ಷರಕ್ಕೆ ‘ಫ’ ಎಂಬ ನಾಮಕರಣ. ತಪ್ಪು ತಪ್ಪೆಂದು ಎಲ್ಲರಿಗೂ ಗೊತ್ತಾಗಿದೆ, ತಿದ್ದುವ ಹಾಗಿಲ್ಲ. ಸರಿಯಾದ ಹೆಸರು ಇದೆಂದು ಪಕ್ಕದಲ್ಲಿ ಒಂದು ಉಪನಾಮವನ್ನು ಸೇರಿಸಿದ್ದಾರೆ, ಅಷ್ಟೆ. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಇಷ್ಟು ಗಟ್ಟಿಯಾದ ಕಲ್ಲಿನ ಮೇಲೆ ಯಾವುದನ್ನು ಕೊರೆಯಬೇಕೆಂದು ಕೇಳುತ್ತಿದ್ದಾರೆ ನೋಡಿ. ‘ಲೂನಾ’ ಎಂಬ ಡಿಜಿಟಲ್ ನಾಣ್ಯ ೨೦೨೨ರ ಏಪ್ರಿಲಿನಲ್ಲಿ ಒಂದಕ್ಕೆ ನೂರು ಡಾಲರಿಗೂ ಮೇಲೆ ಬೆಲೆಬಾಳುತ್ತಿತ್ತು. ಮೇ ತಿಂಗಳ ನಡುವಿಗೆ ಒಂದು ಸೆಂಟಿಗೂ ಕಡೆಯಾಯಿತು. ಫೇಸ್‌ಬುಕ್ಕಿನವರು ೨೦೧೯ರಲ್ಲಿ ಡಂಗುರ ಹೊಡೆದ ‘ಲಿಬ್ರಾ’ ನಡುವೆ ಹೆಸರು ಬದಲಿಸಿಕೊಂಡು, ಚಲಾವಣೆಗೆ ಬರುವ ಮೊದಲೇ ೨೦೨೨ರಲ್ಲಿ ಮಣ್ಣಾಯಿತು. ವ್ಯಾಪಾರದ ಮಾರ್ಕುಗಳ ಆಯುಷ್ಯವೂ ಇಷ್ಟೇ. ಟ್ವಿಟರಿನ ನೀಲಿ ಹಕ್ಕಿಯಷ್ಟು ಹೆಸರಾದ ಮಾರ್ಕು ಇನ್ನೊಂದಿರಲಿಲ್ಲ. ೨೦೨೩ರ ಜುಲೈಯಲ್ಲಿ ಹೊಸ ಮಾಲೀಕರು ಅದನ್ನು ಇಳಿಸಿ ‘ಎಕ್ಸ್’ ಎಂಬುದನ್ನು ಏರಿಸಿದರು. ಹಕ್ಕಿ ಅಕ್ಷರವಾಗಿದ್ದಿದ್ದರೆ ಪಟ್ಟಿಯಲ್ಲಿ ಎಂದೆಂದಿಗೂ ಅನಾಥವಾಗಿ ಕುಳಿತಿರುತ್ತಿತ್ತು.

ಆ ಟ್ವಿಟರಿನಲ್ಲಿಯೇ ಮಾರ್ಕುಗಳ ಎಮೋಜಿ ನಡೆದಿತ್ತಲ್ಲ ಎಂದು ನನ್ನ ಶಿಷ್ಯ ಹೇಳಿದ. ನಡೆದಿತ್ತು. ೨೦೧೫ರಲ್ಲಿ ಕೋಕಾಕೋಲಾದವರು ಹಣ ತೆತ್ತು, ತಾವು ಹೇಳಿದ ಮಾತನ್ನು ಯಾರಾದರೂ ಬರೆದರೆ ಅದರ ಪಕ್ಕದಲ್ಲಿ ಎರಡು ಶೀಷೆಗಳು ತಾಕಿಕೊಳ್ಳುವ ಚಿತ್ರ ಮೂಡುವಂತೆ ಮಾಡಿಸಿಕೊಂಡರು. ೨೦೨೦ರ ಫೆಬ್ರುವರಿಯಲ್ಲಿ ಬಿಟ್‌ಕಾಯಿನ್ನಿಗೂ ಹಾಗೆಯೇ ಒಂದು ಚಿತ್ರ ಬಂತು. ಟ್ವಿಟರಿನ ಆಗಿನ ಮುಖ್ಯಸ್ಥ ಜಾಕ್ ಡೋರ್ಸಿಯವರೇ ಅದನ್ನು ಸಾರಿದರು. ಆದರೆ ಅವು ಅಕ್ಷರಗಳಲ್ಲ. ಅಲ್ಲಿಂದ ಎತ್ತಿ ಬೇರೆ ಕಡೆ ಬರೆದರೆ ಚಿತ್ರ ಉದುರಿ ಮಾತಷ್ಟೇ ಉಳಿಯುತ್ತದೆ. ಬಾಡಿಗೆ ತೀರಿದ ಮೇಲೆ ಬೋರ್ಡು ಕಳಚಿಕೊಂಡು ಹೋದ ಹಾಗೆ. ತಮ್ಮ ಜಾಗದಲ್ಲಿ ಯಾರು ಎಂಥ ಬೋರ್ಡು ಹಾಕಿಕೊಂಡರೂ ನನ್ನ ತಕರಾರಿಲ್ಲ. ಕಾಗುಣಿತದ ನಡುವೆ ಹಾಕಬಾರದು.

ಇಷ್ಟು ಬರೆದ ಮೇಲೆ, ಯೂನಿಕೋಡಿನವರು ಮಡಿಯಲ್ಲಿ ಕುಳಿತ ಋಷಿಗಳೆಂದು ನಾನು ತಿಳಿದಿದ್ದೇನೆಂದು ವಾಚಕರು ಭಾವಿಸಬಾರದು. ಅಲ್ಲಿ ಮತಹಾಕುವವರಲ್ಲಿ ಹೆಚ್ಚಿನವರು ಆಪಲ್, ಗೂಗಲ್, ಮೈಕ್ರೋಸಾಫ್ಟ್‌ಗಳಂಥ ಭಾರಿ ಕಂಪನಿಗಳೇ. ಮುಂಬಾಗಿಲಲ್ಲಿ ಮಾರ್ಕುಗಳನ್ನು ತಡೆದರೂ ಹಿತ್ತಲಿನಿಂದ ಬಂದುವುಂಟು. ೨೦೨೦ರಲ್ಲಿ ಸೇರಿದ ಪಿಕ್‌ಅಪ್ ಟ್ರಕ್ಕಿನ ಎಮೋಜಿಗೆ ಅರ್ಜಿ ಹಾಕಿದವರು ಫೋರ್ಡ್ ಕಂಪನಿಯವರು. ಆಪಲ್ ಫೋನಿನ ಪಂಚಾಂಗದ ಎಮೋಜಿಯಲ್ಲಿ ಯಾವಾಗಲೂ ಜುಲೈ ೧೭. ೨೦೦೨ರಲ್ಲಿ ಆ ದಿನ ಅವರು ತಮ್ಮ ಕ್ಯಾಲೆಂಡರ್ ತಂತ್ರಾಂಶವನ್ನು ಪ್ರಕಟಿಸಿದ್ದರಂತೆ, ಲೋಕವೆಲ್ಲ ಈಗ ಅದನ್ನೇ ಎಮೋಜಿ ದಿನವೆಂದು ಆಚರಿಸುತ್ತದೆ! ಪಿಸ್ತೂಲಿನ ಚಿತ್ರವನ್ನು ಅದೇ ಕಂಪನಿ ೨೦೧೬ರಲ್ಲಿ ನೀರು ಚಿಮ್ಮಿಸುವ ಆಟಿಕೆಯಾಗಿ ಮಾಡಿತು. ಹಿಂದೆ ಬೆದರಿಕೆಯಾಗಿ ಬರೆದದ್ದು ಅಲ್ಲಿಗೆ ಓಕುಳಿಯಾಯಿತು. ಇನ್ನು ನೋಟುಗಳು: ಯೆನ್, ಡಾಲರ್, ಯೂರೋ, ಪೌಂಡು ಈ ನಾಲ್ಕಕ್ಕೆ ನೋಟಿನ ಎಮೋಜಿಗಳುಂಟು, ನೂರು ಕೋಟಿಗೂ ಹೆಚ್ಚು ಜನ ಎಣಿಸುವ ರೂಪಾಯಿ ನೋಟಿಗಿಲ್ಲ. ಹಣದ ಚೀಲದ ಮೇಲೂ ಸಾಮಾನ್ಯವಾಗಿ ಡಾಲರಿನ ಗುರುತೇ. ಇದು ಅನ್ಯಾಯವೆಂದು ಯಾರಾದರೂ ಹೇಳಿದರೆ ನಾನು ಎದುರಾಡುವುದಿಲ್ಲ. ಅನ್ಯಾಯ ಒಂದಿದೆಯೆಂದು ಹತ್ತನ್ನು ಸೇರಿಸಬೇಕೆ ಎಂಬುದಷ್ಟೇ ಪ್ರಶ್ನೆ.

ಹಣ ಕೊಡಲೇಬೇಕೆನ್ನುವವರಿಗೆ ಅಲ್ಲಿ ಒಂದು ಸೌಮ್ಯವಾದ ದಾರಿಯನ್ನೂ ಇಟ್ಟಿದ್ದಾರೆ. ಯಾವುದಾದರೊಂದು ಅಕ್ಷರವನ್ನು ‘ದತ್ತು’ ತೆಗೆದುಕೊಳ್ಳಬಹುದು: ನೂರು, ಸಾವಿರ, ಐದು ಸಾವಿರ ಡಾಲರು ಎಂದು ಮೂರು ದರ್ಜೆ. ದಾನಿಯ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆಯುತ್ತಾರೆ. ಅಕ್ಷರಕ್ಕೆ ಏನೂ ಆಗುವುದಿಲ್ಲ. ನಮ್ಮ ದೇವಸ್ಥಾನಗಳಲ್ಲಿ ಟ್ಯೂಬ್‌ಲೈಟು ಕೊಟ್ಟವರು ಬೆಳಕೇ ಕಾಣದಂತೆ ಅದರ ಮೇಲೆ ಮೂರು ತಲೆಮಾರಿನ ಹೆಸರು ಬರೆಸುತ್ತಾರೆ. ಅದಕ್ಕಿಂತ ಇದು ವಾಸಿ.

ಕೊನೆಗೆ ನನ್ನ ಸಹಿಯ ವಿಚಾರ. ನಿಯಮಗಳನ್ನು ಓದುತ್ತ ಹೋದವನಿಗೆ ಒಂದು ಕಡೆ ಸ್ಪಷ್ಟವಾಗಿ ಬರೆದದ್ದು ಕಾಣಿಸಿತು: ಸಹಿ ಕೂಡಿಸಿದ ಮನವಿಗಳನ್ನು ಆಧಾರವೆಂದು ಪರಿಗಣಿಸುವುದಿಲ್ಲ. ನನ್ನ ಸಹಿಗೆ ತೂಕವಿದೆಯೆಂದು ಒಂದು ವಾರ ಬೀಗಿದ್ದೆಲ್ಲ ವ್ಯರ್ಥವಾಯಿತು. ೨೦೧೪ರಲ್ಲಿ ಟ್ಯಾಕೊ ಬೆಲ್ ಎಂಬ ಅಮೆರಿಕದ ಹೋಟೆಲಿನವರು ಮೂವತ್ತು ಸಾವಿರಕ್ಕೂ ಮಿಕ್ಕ ಸಹಿ ಕೂಡಿಸಿದ್ದರು. ಅವರೂ ತಮ್ಮ ಗಂಟೆಯ ಮಾರ್ಕನ್ನು ಕೇಳಲಿಲ್ಲ. ಟ್ಯಾಕೊ ಎಂಬ ತಿಂಡಿಯನ್ನು ಕೇಳಿದರು. ೨೦೧೫ರಲ್ಲಿ ಅದು ಬಂತು, ಬೀದಿಯಲ್ಲಿ ಗಾಡಿಯಿಟ್ಟುಕೊಂಡು ಮಾರುವವನಿಗೂ ಅದು ಅಷ್ಟೇ ಸ್ವಂತ. ಪ್ರಯೋಗ ತೋರಿಸಿ ಕಾದು ಕುಳಿತವರಿಗೆ ತಡವಾಗಿಯಾದರೂ ಬಾಗಿಲು ತೆರೆಯುವುದನ್ನು ನಮ್ಮವರೂ ಕಂಡಿದ್ದಾರೆ. ಹಳಗನ್ನಡ ಬರಹದ ನಕಾರಪೊಲ್ಲು ೨೦೨೧ರಲ್ಲಿ ಸೇರಿತು; ತುಳು-ತಿಗಳಾರಿ ಲಿಪಿ ೨೦೨೪ರಲ್ಲಿ. ಟ್ಯಾಕೊಗಿಂತ ಒಂಬತ್ತು ವರ್ಷ ಹಿಂದೆ ಬಿದ್ದದ್ದು ನೋವಿನ ಮಾತಾದರೂ, ಶಾಸನಗಳೂ ತಾಳೆಗರಿಗಳೂ ಸಾಕ್ಷಿ ಹೇಳಿದ ಮೇಲೆ ಯಾವ ಸಹಿಯೂ ಬೇಕಾಗಲಿಲ್ಲ.

ಮೊನ್ನೆ ಶಿಷ್ಯನಿಗೆ ಫೋನು ಮಾಡಿ ಇದಿಷ್ಟನ್ನೂ ಹೇಳಿದೆ. “ನಿನ್ನ ಗಿರಾಕಿಯ ಮಾರ್ಕಿಗೆ ನನ್ನ ಸಹಿ ಇಲ್ಲಪ್ಪ. ಆದರೆ ಚಕ್ಕುಲಿಗೆ ಒಂದು ಗುರುತು ಕೇಳಿ ನೋಡು. ಸುರುಳಿ ಸುತ್ತಿ, ಮುಳ್ಳುಮುಳ್ಳಾಗಿ, ಬರೆಯೋದಕ್ಕೂ ಎಷ್ಟು ಚೆನ್ನಾಗಿರುತ್ತೆ. ಸುತ್ತಿ ಬಳಸಿ ಮಾತಾಡೋರಿಗೆ ಅನ್ನೋದಕ್ಕೂ ಆದೀತು. ಬೇಕಾದರೆ ಪ್ರಯೋಗಗಳನ್ನ ನಾನೇ ಹುಡುಕಿಕೊಡ್ತೀನಿ” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಚಕ್ಕುಲಿ ಎಲ್ಲರದೂ ಅಲ್ವಾ ಸಾರ್, ಅದಕ್ಕೆ ದುಡ್ಡು ಕೊಡೋರು ಯಾರು?” ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಮಲಗುವ ಹೊತ್ತಿಗೆ ಅವನಿಂದ ಒಂದು ಸಂದೇಶ ಬಂತು. ಮಾತಿಲ್ಲ, ಜೋಡಿಸಿದ ಎರಡು ಕೈ ಅಷ್ಟೆ. ನಮಸ್ಕಾರವೋ, ಕ್ಷಮಿಸಿ ಎಂದೋ, ನಿಮ್ಮ ಸಹವಾಸ ಸಾಕು ಸಾರ್ ಎಂದೋ, ಇನ್ನೂ ಗೊತ್ತಾಗಿಲ್ಲ.